ಹತ್ತು ಬಾಟಲಿ ಸ್ಯಾನಿಟೈಸರ್ ಮನೆಯಲ್ಲೇ ಇರಲಿ, ಸೋಪು ಮರೆಯಬೇಡಿ

ಪ್ರಶ್ನೆ: ನನಗೆ 66 ವರ್ಷ, ಯಜಮಾನರಿಗೆ 71. ಶಿವಮೊಗ್ಗದಲ್ಲಿದ್ದೇವೆ. ಮಗ ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಮ್ಮನ್ನು, ಸೊಸೆಯನ್ನು, ಆರು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಮಯಾಮಿಯಿಂದ ಕೆರಿಬಿಯನ್ ಕಡೆಗೆ ಏಳು ರಾತ್ರಿಯ ಕ್ರೂಸ್ ಹೋಗಲು ಟಿಕೆಟ್ ಮಾಡಿಸಿದ್ದಾನೆ. ನಮ್ಮ ಪರಿಚಯದವರು ಹೀಗೇ ಹೋಗಿ ಮೂರು ದಿನ ವಾಂತಿ-ಭೇದಿಯಲ್ಲಿ ಮಲಗಿದ್ದರಂತೆ. ಯಜಮಾನರಿಗೆ ಶುಗರ್, ಬಿಪಿ ಎರಡೂ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ನನಗೋ ಆಗುಂಬೆ ಘಾಟಿ ಇಳಿಯುವಾಗಲೇ ವಾಂತಿ. ಹಡಗಿನ ನೀರು ಕುಡಿಯಬಹುದಾ? ಹತ್ತು ಬಾಟಲಿ ಸ್ಯಾನಿಟೈಸರ್ ಕಟ್ಟಿಟ್ಟಿದ್ದೇನೆ, ಇನ್ನೇನು ಬೇಕು? ಚಟ್ನಿಪುಡಿ ಒಯ್ಯಬಹುದಾ? ಅಥವಾ ಹೋಗುವುದೇ ಬೇಡವಾ?

ಉತ್ತರ: ಹೋಗಿ. ಖಂಡಿತ ಹೋಗಿ. ನಿಮ್ಮ ಪತ್ರದಲ್ಲಿ ಬೇಡ ಅನ್ನಿಸುವಂಥದ್ದು ಏನೂ ಇಲ್ಲ. ಸ್ಯಾನಿಟೈಸರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ, ಬೇಕಾದರೆ ಒಂದು ಸಣ್ಣ ಬಾಟಲಿ ಇಟ್ಟುಕೊಳ್ಳಿ. ಏಕೆ ಅಂತ ಹೇಳುತ್ತೇನೆ.

ನಾನು ವೈದ್ಯನಾದ ಮೇಲೆ ಎರಡು ವರ್ಷ ಹಡಗಿನಲ್ಲೇ ಕೆಲಸ ಮಾಡಿದ್ದೆ. ಭಾರತದಿಂದ ಬಂದ ಪ್ರಯಾಣಿಕರು ನನ್ನ ಹತ್ತಿರ ಕೇಳುತ್ತಿದ್ದ ಮೊದಲ ಪ್ರಶ್ನೆ ನೀರಿನದ್ದೇ. ಪಾಪ, ನಮ್ಮ ಅನುಭವ ಹಾಗಿದೆ ಅಲ್ವಾ? ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಮೊದಲು ಬೈಯುವುದು ನೀರಿಗೆ. ಆದರೆ ದೊಡ್ಡ ಕ್ರೂಸ್ ಹಡಗುಗಳಲ್ಲಿ ಸಮುದ್ರದ ನೀರನ್ನೇ ಕುದಿಸಿ ಆವಿ ಮಾಡಿಯೋ, ನಿಮ್ಮ ಮನೆಯ ಆರ್‌ಒ ಥರದ ಯಂತ್ರದಲ್ಲಿ ಸೋಸಿಯೋ ಕುಡಿಯುವ ನೀರು ಮಾಡುತ್ತಾರೆ. ಆಮೇಲೆ ಕ್ಲೋರಿನ್ ಹಾಕುತ್ತಾರೆ. ಕೊನೆಯ ನಲ್ಲಿಯಲ್ಲೂ ಇಷ್ಟು ಕ್ಲೋರಿನ್ ಇರಲೇಬೇಕು ಅಂತ ನಿಯಮ ಇದೆ, ಅದನ್ನು ಅಳೆದು ಬರೆದಿಡುತ್ತಾರೆ. ಹಾಗಾಗಿ ಹಡಗಿನ ನೀರು ಧೈರ್ಯವಾಗಿ ಕುಡಿಯಿರಿ, ಐಸ್ ಕೂಡ ಪರವಾಗಿಲ್ಲ. ದ್ವೀಪಗಳಲ್ಲಿ ಇಳಿದಾಗ ಮಾತ್ರ ಸೀಲ್ ಇರುವ ಬಾಟಲಿ ನೀರು ಕುಡಿಯಿರಿ, ದಾರಿಬದಿಯ ಐಸ್ ಬೇಡ.

ಹಾಗಾದರೆ ನಿಮ್ಮ ಪರಿಚಯದವರು ಮಲಗಿದ್ದು ಯಾತರಿಂದ? ನಾನು ಅವರನ್ನು ನೋಡಿಲ್ಲ. ಆದರೆ ಹಡಗಿನಲ್ಲಿ ಹೀಗೆ ಗುಂಪಾಗಿ ಬರುವ ವಾಂತಿ-ಭೇದಿಗೆ ಬಹುತೇಕ ಕಾರಣ ನೋರೋವೈರಸ್. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ಒಟ್ಟಿಗೆ ವಾಂತಿ ಶುರುವಾಯಿತು, ಆ ಊರಿನ ಹೆಸರೇ ವೈರಸ್ಸಿಗೆ ಬಂತು. ಅಂದರೆ ಇದು ಹಡಗಿನ ಕಾಯಿಲೆಯೇ ಅಲ್ಲ. ಶಾಲೆ, ವೃದ್ಧಾಶ್ರಮ, ಮದುವೆ ಮನೆ, ಎಲ್ಲೆಲ್ಲಿ ಜನ ಒಟ್ಟಿಗೆ ಉಣ್ಣುತ್ತಾರೋ ಅಲ್ಲೆಲ್ಲ ಇದೆ. ಅಮೆರಿಕದಲ್ಲಿ ವರದಿಯಾಗುವ ನೋರೋವೈರಸ್ ಹಾವಳಿಗಳಲ್ಲಿ ಹಡಗುಗಳ ಪಾಲು ಶೇ. 1ರಷ್ಟು ಮಾತ್ರ. ಆದರೆ ಹಡಗಿನವರು ಲೆಕ್ಕ ಕೊಡಲೇಬೇಕು. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ನೂರಕ್ಕೆ ಮೂರು ಜನರಿಗೆ ವಾಂತಿ-ಭೇದಿ ಆದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆ ಹಡಗಿನ ಹೆಸರನ್ನೇ ಪ್ರಕಟಿಸುತ್ತದೆ. ಮದುವೆ ಊಟ ಮಾಡಿ ನಲವತ್ತು ಜನರಿಗೆ ಹೊಟ್ಟೆ ಕೆಟ್ಟರೆ ಲೆಕ್ಕ ಯಾರು ಇಡುತ್ತಾರೆ, ಹೇಳಿ? ಅದಕ್ಕೇ ಪೇಪರಿನಲ್ಲಿ ಹಡಗಿನ ಸುದ್ದಿಯೇ ಜಾಸ್ತಿ.

ಅದೇ ಸಂಸ್ಥೆ ಹಡಗುಗಳನ್ನು ಹೇಳದೆ ಕೇಳದೆ ಹತ್ತಿ ತಪಾಸಣೆ ಮಾಡಿ ನೂರಕ್ಕೆ ಅಂಕವನ್ನೂ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ನಿಮ್ಮ ಹಡಗಿನ ಅಂಕ ಎಷ್ಟು ಅಂತ ಮಗನಿಗೆ ನೋಡಲು ಹೇಳಿ, ಐದು ನಿಮಿಷದ ಕೆಲಸ. ಆದರೆ 98 ಬಂದಿದೆ ಅಂತ ಮೈಮರೆಯಬೇಡಿ. ಆ ಅಂಕ ಅಡುಗೆಮನೆಗೆ, ನೀರಿಗೆ, ಈಜುಕೊಳಕ್ಕೆ. ಪಕ್ಕದಲ್ಲಿ ನಿಂತು ಅದೇ ಚಮಚ ಹಿಡಿಯುವ ಸಹಪ್ರಯಾಣಿಕರ ಕೈಗೆ ಯಾರೂ ಅಂಕ ಕೊಟ್ಟಿರುವುದಿಲ್ಲ.

ಇರುವುದೆಲ್ಲ ಆ ಕೈಯಲ್ಲೇ. ಕಾಯಿಲೆಯಾದವರ ಮಲದಲ್ಲಿ, ವಾಂತಿಯಲ್ಲಿ ಈ ವೈರಸ್ ಕೋಟಿಗಟ್ಟಲೆ ಇರುತ್ತದೆ. ಇನ್ನೊಬ್ಬರಿಗೆ ಅಂಟಲು ಹತ್ತಿಪ್ಪತ್ತು ಕಣ ಸಾಕು. ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ, ಬಾಗಿಲ ಹಿಡಿ, ಟಿವಿ ರಿಮೋಟಿನ ಮೇಲೆ ದಿನಗಟ್ಟಲೆ ಬದುಕುತ್ತದೆ. ಇನ್ನು ನಿಮ್ಮ ಸ್ಯಾನಿಟೈಸರ್. ಕೊರೊನಾ ವೈರಸ್ಸಿಗೆ ಕೊಬ್ಬಿನ ಒಂದು ಹೊದಿಕೆ ಇತ್ತು. ಆಲ್ಕೋಹಾಲ್ ಆ ಹೊದಿಕೆಯನ್ನು ಕರಗಿಸುತ್ತಿತ್ತು, ವೈರಸ್ ಸಾಯುತ್ತಿತ್ತು. ನೋರೋವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಹಾಗಾಗಿ ಸ್ಯಾನಿಟೈಸರ್ ಹಚ್ಚಿ ಉಜ್ಜಿದರೆ ಅದು ಅಲ್ಲಿಂದ ಇಲ್ಲಿಗೆ ಜಾಗ ಬದಲಿಸುತ್ತದೆ ಅಷ್ಟೆ. ಸೋಪು ಕೂಡ ಇದನ್ನು ಕೊಲ್ಲುವುದಿಲ್ಲ, ಅದು ಗೊತ್ತಿರಲಿ. ಸೋಪು ಚರ್ಮದಿಂದ ಬಿಡಿಸುತ್ತದೆ, ಹರಿಯುವ ನೀರು ಚರಂಡಿಗೆ ಒಯ್ಯುತ್ತದೆ. ಅದಕ್ಕೇ ಇಪ್ಪತ್ತು ಸೆಕೆಂಡು ಉಜ್ಜಬೇಕು. ಬೆರಳ ಸಂದು, ಉಗುರಿನ ಕೆಳಗೆ, ಹೆಬ್ಬೆರಳ ಸುತ್ತ. ಉಂಗುರ ಹಾಕಿದ್ದರೆ ಅದರಡಿ. ಬಳೆ ಮೇಲೆ ಸರಿಸಿಕೊಂಡು ಮಣಿಕಟ್ಟಿನವರೆಗೂ.

ಕೈ ತೊಳೆದೇ ಊಟಕ್ಕೆ ಕೂರುವವರು ನಾವು, ಇದನ್ನು ಇವರು ಹೇಳಬೇಕಾ ಅಂತ ನಿಮಗೆ ಅನ್ನಿಸಬಹುದು. ನಾವು ಎಡವುವುದು ಅಲ್ಲೇ. ಮನೆಯಲ್ಲಿ ಕೈ ತೊಳೆದು ಬಂದು ಕೂರುತ್ತೀರಿ, ಎಲೆಗೆ ಇನ್ನೊಬ್ಬರು ಬಡಿಸುತ್ತಾರೆ. ತೊಳೆದ ಕೈ ನೇರ ಅನ್ನಕ್ಕೆ. ಬಫೆಯಲ್ಲಿ ಹಾಗಲ್ಲ. ಬಾಗಿಲಲ್ಲಿ ಕೈ ತೊಳೆಯುತ್ತೀರಿ. ತಟ್ಟೆ ಹಿಡಿಯುತ್ತೀರಿ. ಸಲಾಡಿನ ಇಕ್ಕಳ, ಅನ್ನದ ಸೌಟು, ಸಾರಿನ ಸೌಟು, ಜ್ಯೂಸ್ ಯಂತ್ರದ ಗುಂಡಿ, ಉಪ್ಪಿನ ಡಬ್ಬಿ, ಕುರ್ಚಿಯ ಬೆನ್ನು. ಇವನ್ನೆಲ್ಲ ನಿಮಗಿಂತ ಮುಂಚೆ ಇನ್ನೂರು ಜನ ಮುಟ್ಟಿರುತ್ತಾರೆ. ಆಮೇಲೆ ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತೀರಿ. ಫೋರ್ಕಿನಲ್ಲಿ ತಿನ್ನುವವರಿಗೆ ಸ್ವಲ್ಪ ನಡೆಯುತ್ತದೆ, ಕೈಯಲ್ಲಿ ಉಣ್ಣುವ ನಮಗೆ ನಡೆಯುವುದಿಲ್ಲ.

ಕ್ರಮ ಬದಲಿಸಿ, ಅಷ್ಟೆ. ಮೊದಲು ಒಬ್ಬರು ಟೇಬಲ್ ಹಿಡಿದು ಕೂರಲಿ. ಉಳಿದವರು ತಟ್ಟೆ ತುಂಬಿಸಿ ತಂದಿಡಲಿ. ಎಲ್ಲ ತಂದಾದ ಮೇಲೆ ಸೋಪಿನಲ್ಲಿ ಕೈ ತೊಳೆದು ಬಂದು ಉಣ್ಣಿ. ಎರಡನೇ ಸಲ ಬಡಿಸಿಕೊಳ್ಳಲು ಎದ್ದರೆ ಮತ್ತೆ ತೊಳೆಯಬೇಕು. ಇದು ಬೇಜಾರು ಅನ್ನಿಸಿದರೆ ಬಫೆ ಬಿಟ್ಟು, ಕುಳಿತಲ್ಲಿಗೇ ಬಡಿಸುವ ಊಟದ ಹಾಲ್‌ಗೆ ಹೋಗಿ. ಅಲ್ಲಿ ಮೊದಲ ದಿನವೇ ಹೇಳಿಟ್ಟರೆ ಸಸ್ಯಾಹಾರಿ ಊಟ, ಎಷ್ಟೋ ಹಡಗಿನಲ್ಲಿ ಭಾರತೀಯ ಊಟವನ್ನೂ ಮಾಡಿಕೊಡುತ್ತಾರೆ. ಮೆನು ಕಾರ್ಡು ಮುಟ್ಟಿ ಕೊಟ್ಟಾದ ಮೇಲೆ ಕೈ ತೊಳೆಯಿರಿ, ಮುಂಚೆ ಅಲ್ಲ. ಸಾರ್ವಜನಿಕ ಶೌಚಾಲಯದಿಂದ ಹೊರಬರುವಾಗ ಕೈ ಒರೆಸಿಕೊಂಡ ಪೇಪರಿನಿಂದಲೇ ಬಾಗಿಲ ಹಿಡಿ ತೆರೆಯಿರಿ. ನಿಮ್ಮ ಕ್ಯಾಬಿನ್ನಿನ ಶೌಚಾಲಯವನ್ನೇ ಬಳಸಿದರೆ ಇನ್ನೂ ಒಳ್ಳೆಯದು. ಮೊಮ್ಮಗಳದ್ದೂ ನೋಡಿಕೊಳ್ಳಿ. ಮಕ್ಕಳ ಆಟದ ಕೋಣೆಯಿಂದ ಬಂದ ಕೂಡಲೇ ಅವಳ ಕೈ ತೊಳೆಸಿ, ಆಮೇಲೆ ಮುದ್ದು ಮಾಡಿ.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ಮೆಟ್ಟಿಲ ಕಂಬಿ ಹಿಡಿಯುವುದನ್ನೇ ಬಿಟ್ಟುಬಿಡಬೇಡಿ! ಹಡಗು ಓಲಾಡುವಾಗ ಬಿದ್ದು ಸೊಂಟದ ಮೂಳೆ ಮುರಿದರೆ ನೋರೋವೈರಸ್ ಅದರ ಮುಂದೆ ಏನೂ ಅಲ್ಲ. ಕಂಬಿ ಗಟ್ಟಿಯಾಗಿ ಹಿಡಿಯಿರಿ, ಆಮೇಲೆ ಕೈ ತೊಳೆಯಿರಿ.

ಇಷ್ಟೆಲ್ಲ ಮಾಡಿಯೂ ಬಂದರೆ? ವೈರಸ್ ಒಳಗೆ ಹೋಗಿ ಸುಮಾರು 12ರಿಂದ 48 ಗಂಟೆಯಲ್ಲಿ ಇದ್ದಕ್ಕಿದ್ದಂತೆ ವಾಂತಿ, ನೀರಿನಂಥ ಭೇದಿ, ಹೊಟ್ಟೆ ಹಿಂಡುವುದು, ಮೈಕೈ ನೋವು. ಒಂದರಿಂದ ಮೂರು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಇದಕ್ಕೆ ಔಷಧಿ ಇಲ್ಲ. ನಮ್ಮ ಮನೆಗಳಲ್ಲಿ ಬೇಧಿ ಅಂದ ಕೂಡಲೇ ನಾರ್‌ಫ್ಲಾಕ್ಸ್ ಟಿಝಡ್ ನುಂಗುವ ಅಭ್ಯಾಸ ಇದೆ. ಅದು ಬ್ಯಾಕ್ಟೀರಿಯಾ, ಅಮೀಬಾಗಳ ಮಾತ್ರೆ, ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಸುಮ್ನೆ ಹೊಟ್ಟೆ ಇನ್ನಷ್ಟು ಕೆಡುತ್ತದೆ.

ಬೇಕಾಗಿರುವುದು ಒಆರ್‌ಎಸ್. ಒಂದು ಲೀಟರ್ ನೀರಿಗೆ ಹಾಕುವ ದೊಡ್ಡ ಪ್ಯಾಕೆಟ್ ಎಂಟು ಹತ್ತು ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರಬೇಕು. ಟೆಟ್ರಾ ಪ್ಯಾಕಿನ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಬೇಡ. ಯಜಮಾನರಿಗೆ ಶುಗರ್ ಇದೆ, ಒಆರ್‌ಎಸ್ ಕೊಡಬಹುದಾ ಅಂತ ನೀವು ಹಿಂಜರಿಯುತ್ತೀರಿ, ನನಗೆ ಗೊತ್ತು. ಒಂದು ಲೀಟರ್ ಒಆರ್‌ಎಸ್‌ನಲ್ಲಿ ಇರುವ ಗ್ಲೂಕೋಸ್ 13.5 ಗ್ರಾಂ. ಕೋಲಾ ಒಂದು ಲೀಟರಿನಲ್ಲಿ ನೂರು ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಧೈರ್ಯವಾಗಿ ಕೊಡಿ. ವಾಂತಿ ಇರುವಾಗ ಲೋಟ ಎತ್ತಿ ಗಟಗಟ ಕುಡಿಸಬೇಡಿ. ಎರಡು ನಿಮಿಷಕ್ಕೊಂದು ಚಮಚ. ಕೂತು ಕೊಡುವ ತಾಳ್ಮೆ ಬೇಕು.

ಇನ್ನು ಅವರ ಮೂರು ಮಾತ್ರೆಗಳು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆಯಾದದ್ದು ಇದೊಂದೇ. ಮೈಯಲ್ಲಿ ನೀರು ಕಡಿಮೆಯಾದಾಗ ಟೆಲ್ಮಿಸಾರ್ಟನ್ ನುಂಗಿದರೆ ಬಿಪಿ ತೀರಾ ಇಳಿದು ಕಿಡ್ನಿಗೆ ಪೆಟ್ಟು ಬೀಳಬಹುದು. ಕಿಡ್ನಿ ಸೋತರೆ ಮೆಟ್‌ಫಾರ್ಮಿನ್ ರಕ್ತದಲ್ಲಿ ಉಳಿದುಕೊಂಡು ತೊಂದರೆ ಕೊಡುತ್ತದೆ. ಏನೂ ತಿನ್ನದೆ ಗ್ಲಿಮೆಪಿರೈಡ್ ತೆಗೆದುಕೊಂಡರೆ ಶುಗರ್ ಧಿಡೀರನೆ ಕುಸಿಯುತ್ತದೆ, ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಹಾಗಾಗಿ ವಾಂತಿ-ಭೇದಿ ಜೋರಾಗಿರುವ ದಿನಗಳಲ್ಲಿ ಈ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುವುದು ರೂಢಿ. ತಿನ್ನುವುದು ಕುಡಿಯುವುದು ಸರಿಯಾಗಿ ಒಂದೆರಡು ದಿನವಾದ ಮೇಲೆ ಮತ್ತೆ ಶುರು. ಯಾವುದನ್ನು, ಯಾವಾಗ ನಿಲ್ಲಿಸಬೇಕು ಅಂತ ಹೊರಡುವ ಮುಂಚೆಯೇ ನಿಮ್ಮ ಡಾಕ್ಟರ್ ಹತ್ತಿರ ಕೂತು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಸರಿನ ಕೊನೆಯಲ್ಲಿ ಗ್ಲಿಫ್ಲೋಜಿನ್ ಅಂತ ಬರುವ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಹೊಸದಾಗಿ ಸೇರಿಸಿದ್ದರೆ ಅವನ್ನೂ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಪತ್ರ ಓದುತ್ತಿದ್ದರೆ ಒಂದು ಮಾತು: ಇನ್ಸುಲಿನ್ ನೀವಾಗಿ ನಿಲ್ಲಿಸಬೇಡಿ, ಪ್ರಮಾಣ ಕೇಳಿಕೊಂಡು ಬದಲಿಸಿ. ಶುಗರ್ ನೋಡುವ ಮಿಷನ್, ಸ್ಟ್ರಿಪ್ಪು, ನಾಲ್ಕು ಗ್ಲೂಕೋಸ್ ಬಿಸ್ಕತ್ತು ಜೊತೆಗಿರಲಿ.

ಮಾತ್ರೆಗಳೆಲ್ಲ ಕೈಚೀಲದಲ್ಲಿ. ಇದನ್ನು ಒತ್ತಿ ಹೇಳುತ್ತೇನೆ. ಬಂದರಿನಲ್ಲಿ ದೊಡ್ಡ ಸೂಟ್‌ಕೇಸನ್ನು ಅವರು ತೆಗೆದುಕೊಳ್ಳುತ್ತಾರೆ, ಅದು ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ, ಒಮ್ಮೊಮ್ಮೆ ರಾತ್ರಿಗೆ. ಅಷ್ಟರಲ್ಲಿ ಮಧ್ಯಾಹ್ನದ ಮಾತ್ರೆ ತಪ್ಪಿರುತ್ತದೆ. ಏಳು ದಿನಕ್ಕೆ ಹನ್ನೆರಡು ದಿನದಷ್ಟು ಇಟ್ಟುಕೊಳ್ಳಿ. ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆದ ಚೀಟಿ ಇರಲಿ. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿನ ಡಾಕ್ಟರಿಗೆ ಅರ್ಥವಾಗುವುದಿಲ್ಲ.

ಕಾಯಿಲೆ ಬಂದರೆ ಹಡಗಿನ ಆಸ್ಪತ್ರೆಗೆ ಹೇಳಿ. ಹೇಳಲೇಬೇಕು. ಒಂದು ಸಲ ಏನಾಯಿತು ಅಂದರೆ, ನಮ್ಮ ದೇಶದವರೇ ಒಬ್ಬ ಹಿರಿಯರು, ಎಪ್ಪತ್ತರ ಆಸುಪಾಸು. ಎರಡನೇ ದಿನ ರಾತ್ರಿ ವಾಂತಿ. ಹೇಳಿದರೆ ರೂಮಿನಲ್ಲಿ ಕೂಡಿಹಾಕುತ್ತಾರೆ ಅಂತ ಯಾರೋ ಹೇಳಿದ್ದರಂತೆ. ಸಮುದ್ರದ ತಲೆಸುತ್ತು ಅಂತ ಮನೆಯವರಿಗೂ ಹೇಳಿ, ಮೂಲೆಯ ಕುರ್ಚಿಯಲ್ಲಿ ಕೂತು ಬಫೆಯಲ್ಲಿ ಮೊಸರನ್ನ ಉಂಡು ಬಂದರು. ನಾಲ್ಕನೇ ದಿನ ಬೆಳಗ್ಗೆ ನನ್ನ ಬಾಗಿಲಲ್ಲಿ ಅವರ ಹೆಂಡತಿ, ಇಬ್ಬರು ಮೊಮ್ಮಕ್ಕಳು, ಜೊತೆಗೆ ಒಂದೇ ಟೇಬಲ್ಲಿನಲ್ಲಿ ಉಣ್ಣುತ್ತಿದ್ದ ಇನ್ನೊಂದು ಜೋಡಿ. ಹಿರಿಯರಿಗೆ ಆ ಹೊತ್ತಿಗೆ ನಾಲಿಗೆ ಒಣಗಿ ಹಲಗೆಯಾಗಿತ್ತು, ಹಿಂದಿನ ರಾತ್ರಿಯಿಂದ ಮೂತ್ರವೇ ಆಗಿರಲಿಲ್ಲ. ಎರಡು ಬಾಟಲಿ ಸಲೈನ್ ಹೋದ ಮೇಲೆ ಮುಖಕ್ಕೆ ಕಳೆ ಬಂತು. ಮೊದಲ ರಾತ್ರಿ ಹೇಳಿದ್ದರೆ ಎರಡು ದಿನ ಕ್ಯಾಬಿನ್‌ನಲ್ಲಿ ಕೂತು ಗಂಜಿ, ಟೀ ತರಿಸಿಕೊಂಡು ಟಿವಿ ನೋಡಬೇಕಿತ್ತು, ಅಷ್ಟೆ. ಅದಕ್ಕೆ ಕೂಡಿಹಾಕುವುದು ಅಂತ ಹೆಸರಿಡುವುದು ಯಾಕೋ!

ತಲೆಸುತ್ತಿಗೂ ಇದಕ್ಕೂ ವ್ಯತ್ಯಾಸ ಗೊತ್ತು ಮಾಡಿಕೊಳ್ಳಿ. ಸಮುದ್ರದ ತಲೆಸುತ್ತಿನಲ್ಲಿ ಭೇದಿ ಇರುವುದಿಲ್ಲ, ಜ್ವರ ಇರುವುದಿಲ್ಲ. ಹಡಗು ಬಂದರಿನಲ್ಲಿ ನಿಂತರೆ ಕಡಿಮೆಯಾಗುತ್ತದೆ. ಭೇದಿ ಸೇರಿಕೊಂಡಿತೋ, ಕ್ಯಾಬಿನ್ನಿನ ಫೋನ್ ಎತ್ತಿ. ರಕ್ತ ಹೋದರೆ, ಮಂಪರು ಬಂದರೆ, ಆರೆಂಟು ಗಂಟೆ ಮೂತ್ರ ಆಗದಿದ್ದರೆ ಕಾಯಲೇಬೇಡಿ. ಗುಣವಾದ ಮೇಲೂ ಎರಡು ದಿನ ಯಾರಿಗೂ ಅಡುಗೆ ಮಾಡಬೇಡಿ, ಬಡಿಸಬೇಡಿ. ವೈರಸ್ ಮಲದಲ್ಲಿ ಎರಡು ವಾರ, ಅದಕ್ಕಿಂತ ಜಾಸ್ತಿ ದಿನವೂ ಹೋಗುತ್ತಿರುತ್ತದೆ. ಮಗನ ಮನೆಗೆ ಮರಳಿದ ಕೂಡಲೇ ಮೊಮ್ಮಗಳಿಗೆ ಕೈತುತ್ತು ಹಾಕುವ ಆಸೆ ಸ್ವಲ್ಪ ತಡೆದುಕೊಳ್ಳಿ.

ನಿಮ್ಮ ಆಗುಂಬೆ ವಾಂತಿಗೆ ಬರುತ್ತೇನೆ. ಘಾಟಿಯ ತಿರುವಿನಷ್ಟು ಹಡಗು ಕಾಡುವುದಿಲ್ಲ. ದೊಡ್ಡ ಹಡಗಿಗೆ ಓಲಾಟ ತಗ್ಗಿಸುವ ರೆಕ್ಕೆಗಳಿರುತ್ತವೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಅಂತ ಲೆಕ್ಕ ಹಾಕುವುದು ಜೂನ್ 1ರಿಂದ ನವೆಂಬರ್ 30ರವರೆಗೆ, ನೀವು ಹೋಗುವುದು ಅದು ಮುಗಿದ ಮೇಲೆ. ಕ್ಯಾಬಿನ್ ಬದಲಿಸಲು ಆಗುವುದಾದರೆ ಹಡಗಿನ ಮಧ್ಯದಲ್ಲಿ, ಕೆಳಗಿನ ಡೆಕ್ಕಿನಲ್ಲಿ ತೆಗೆದುಕೊಳ್ಳಲಿ. ತೊಟ್ಟಿಲನ್ನು ನೆನಪಿಸಿಕೊಳ್ಳಿ, ತುದಿ ಜಾಸ್ತಿ ಆಡುತ್ತದೆ, ನಡು ಕಡಿಮೆ. ಹೊಟ್ಟೆ ತೊಳಸಿದಂತಾದರೆ ಮೊಬೈಲ್ ಕೆಳಗಿಟ್ಟು ಹೊರಗೆ ಬಂದು, ಸಮುದ್ರ ಆಕಾಶ ಸೇರುವ ಗೆರೆ ನೋಡುತ್ತಾ ನಿಲ್ಲಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟೂ ಬೇಡ. ಒಣಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳಿ. ಹಡಗಿನ ಹುಡುಗರು ಹಸಿರು ಸೇಬು, ಉಪ್ಪು ಬಿಸ್ಕತ್ತು ಕೊಡುತ್ತಾರೆ, ಅದೂ ಚೆನ್ನಾಗಿಯೇ ಇರುತ್ತದೆ.

ಮಾತ್ರೆ ಬೇಕೆಂದರೆ ಅವೋಮಿನ್ ಹಳೆಯದು, ಕೆಲಸ ಮಾಡುತ್ತದೆ. ಆದರೆ ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ, ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ನಿದ್ದೆ ತರುತ್ತದೆ, ಬಾಯಿ ಒಣಗುತ್ತದೆ, ವಯಸ್ಸಾದವರಿಗೆ ಒಮ್ಮೊಮ್ಮೆ ಗೊಂದಲವನ್ನೂ ತರುತ್ತದೆ. ಡಾಕ್ಟರನ್ನು ಕೇಳಿ, ಶಿವಮೊಗ್ಗದಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಯಜಮಾನರಿಗೆ ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ಇದ್ದರೆ ಕೇಳದೆ ಕೊಡಲೇಬೇಡಿ. ಎಮೆಸೆಟ್ ಇದೆಯಲ್ಲ ಅನ್ನುತ್ತೀರಾ? ಅದು ಬೇರೆ ವಾಂತಿಗಳಿಗೆ ಒಳ್ಳೆಯದು, ಪ್ರಯಾಣದ ತಲೆಸುತ್ತಿಗೆ ಅಷ್ಟಾಗಿ ಕೇಳುವುದಿಲ್ಲ.

ಉಸಿರಾಟದ ಕಾಯಿಲೆಗಳನ್ನೂ ಮರೆಯಬಾರದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೋಕೋಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು ನೆನಪಿರಬಹುದು. 3,711 ಜನರಲ್ಲಿ 712 ಜನರಿಗೆ ಕೊರೊನಾ ಬಂದಿತ್ತು. ಅಷ್ಟು ಹೆದರುವ ಕಾಲ ಈಗಿಲ್ಲ. ಆದರೆ ಡಿಸೆಂಬರ್ ಅಂದರೆ ಅಮೆರಿಕದಲ್ಲಿ ಫ್ಲೂ ಕಾಲ. ಇಬ್ಬರೂ ಹೊರಡುವುದಕ್ಕೆ ಎರಡು ವಾರ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಅದು ಕೆಲಸ ಶುರುಮಾಡಲು ಅಷ್ಟು ಸಮಯ ಬೇಕು. ನ್ಯುಮೋನಿಯಾ ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಕೇಳಿ. ವಿಮಾನ ಇಳಿದು ಮರುದಿನವೇ ಹಡಗು ಹತ್ತಬೇಡಿ, ನಾಲ್ಕೈದು ದಿನ ಮಗನ ಮನೆಯಲ್ಲಿ ನಿದ್ದೆ ಸರಿಮಾಡಿಕೊಳ್ಳಿ. ಥಿಯೇಟರಿನಲ್ಲಿ ಪಕ್ಕದವರು ಕೆಮ್ಮುತ್ತಿದ್ದರೆ ಎದ್ದು ಬೇರೆ ಕಡೆ ಕೂರಿ. ನಾಚಿಕೆ ಬೇಡ.

ಬಿಸಿನೀರಿನ ತೊಟ್ಟಿಗೆ ಮಾತ್ರ ಇಳಿಯಬೇಡಿ ಎನ್ನುತ್ತೇನೆ. ಅದರ ಹಬೆಯಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಕೆಟ್ಟ ನ್ಯುಮೋನಿಯಾ ತರುತ್ತದೆ, ಐವತ್ತು ದಾಟಿದವರಿಗೆ, ಶುಗರ್ ಇದ್ದವರಿಗೆ ಅಪಾಯ ಜಾಸ್ತಿ. 2022ರಿಂದ 2024ರ ನಡುವೆ ಎರಡು ಹಡಗುಗಳಲ್ಲಿ 12 ಜನರಿಗೆ ಬಂದದ್ದು ಕ್ಯಾಬಿನ್ನಿನ ಬಾಲ್ಕನಿಯಲ್ಲಿರುವ ಖಾಸಗಿ ತೊಟ್ಟಿಗಳಿಂದ. ಈಜುಕೊಳಕ್ಕೆ ಅಷ್ಟು ಹೆದರಬೇಕಿಲ್ಲ.

ದ್ವೀಪಗಳಲ್ಲಿ ಸೊಳ್ಳೆ, ಡೆಂಗೀ ಇದೆ. ಉದ್ದ ತೋಳಿನ ಬಟ್ಟೆ, ಸೊಳ್ಳೆ ಕ್ರೀಮು. ಮಗನಿಗೆ ಒಂದು ಕೆಲಸ ಕೊಡಿ: ಹಡಗು ನಿಲ್ಲುವ ಊರುಗಳ ಪಟ್ಟಿಯಲ್ಲಿ ಟ್ರಿನಿಡಾಡ್, ಪನಾಮಾ ಇವೆಯಾ ನೋಡಲಿ. ಇದ್ದರೆ ಹಳದಿ ಜ್ವರದ ಲಸಿಕೆಯ ಕಾರ್ಡಿನ ವಿಚಾರ ಬರುತ್ತದೆ, ಅದಿಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಬೇರೆ ಇರಿಸಬಹುದು. ಅರವತ್ತು ದಾಟಿದವರಿಗೆ ಆ ಲಸಿಕೆಯನ್ನು ಯೋಚಿಸಿಯೇ ಕೊಡುತ್ತಾರೆ, ಹಾಗಾಗಿ ಮೊದಲೇ ತಿಳಿದಿರಲಿ. ಬಹಾಮಾಸ್, ಜಮೈಕಾ, ಮೆಕ್ಸಿಕೋ ಅಷ್ಟೇ ಆಗಿದ್ದರೆ ಈ ತಲೆನೋವಿಲ್ಲ.

ವಿಮೆ. ಶಿವಮೊಗ್ಗದಲ್ಲಿ ನೀವು ಕಟ್ಟುತ್ತಿರುವ ಆರೋಗ್ಯ ವಿಮೆ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹಡಗಿನ ಆಸ್ಪತ್ರೆ ಪುಕ್ಕಟೆಯಲ್ಲ, ಬಿಲ್ಲು ಡಾಲರಿನಲ್ಲಿ ಕ್ಯಾಬಿನ್ ಖಾತೆಗೆ ಬರುತ್ತದೆ. ಪ್ರಯಾಣ ವಿಮೆ ಮಾಡಿಸುವಾಗ ಮೂರು ಪ್ರಶ್ನೆ ಕೇಳಿ. ಮೊದಲೇ ಇರುವ ಶುಗರ್, ಬಿಪಿಯಿಂದ ಬರುವ ತೊಂದರೆಗೆ ಕೊಡುತ್ತೀರಾ? ಕ್ರೂಸ್ ಸೇರಿದೆಯಾ? ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಬೇಕಾದರೆ ಆ ಖರ್ಚು ಕೊಡುತ್ತೀರಾ? ಶುಗರ್, ಬಿಪಿ ಇರುವುದನ್ನು ಫಾರಂನಲ್ಲಿ ಮುಚ್ಚಿಡಬೇಡಿ, ಕ್ಲೇಮು ಬೀಳುವುದು ಅಲ್ಲೇ.

ಕೊನೆಗೆ ಚಟ್ನಿಪುಡಿ. ಮನೆಯಲ್ಲಿ ಮಾಡಿದ ಚಿತ್ರಾನ್ನ, ಚಪಾತಿಯನ್ನು ಸಾಮಾನ್ಯವಾಗಿ ಹಡಗಿನೊಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ ಪ್ಯಾಕೆಟ್ಟಿಗೆ ಬಹುಪಾಲು ಕಡೆ ಅಡ್ಡಿಯಿಲ್ಲ, ಅಮೆರಿಕದಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ತಿನ್ನುವ ಸಾಮಾನು ಇದೆ ಅಂತ ಹೇಳಿಬಿಡಿ. ಜೊತೆಗೊಂದು ಸ್ಟೀಲ್ ಚಮಚ ಇಟ್ಟುಕೊಳ್ಳಿ. ಮೂರನೇ ದಿನಕ್ಕೆ ಪಕ್ಕದ ಟೇಬಲ್ಲಿನಲ್ಲಿ ದಾವಣಗೆರೆಯವರೋ ಹುಬ್ಬಳ್ಳಿಯವರೋ ಸಿಕ್ಕೇ ಸಿಗುತ್ತಾರೆ, ಡಬ್ಬಿಯ ಮೇಲೆ ಕಣ್ಣು ಬೀಳುತ್ತದೆ. ಕೊಡಿ. ಆದರೆ ಡಬ್ಬಿ ಕೊಡಬೇಡಿ, ನಿಮ್ಮ ಚಮಚದಲ್ಲೇ ಅವರ ತಟ್ಟೆಗೆ ಹಾಕಿ.